ಚಟ ಬಿಡಿಸೋಕೆ ಮನೆಯವರನ್ನ ಹೇಗೆ ಕರ್ಕೊಂಡು ಹೋಗೋದು: ತಮ್ಮನ್ನ ಎರಡು ಸಲ ಎರಡು ಥರ ಸೇರಿಸಿ ನಾವು ಕಲ್ತಿದ್ದು

ಬೆಳಗಿನ ಜಾವ ಐದು ಗಂಟೆಗೆ ಮನೆ ಮುಂದೆ ಓಮ್ನಿ ಬಂದು ನಿಂತಾಗ ನನ್ನ ತಮ್ಮ ಹಾಲ್‌ನಲ್ಲಿ ಚಾಪೆ ಮೇಲೆ ಮಲ್ಗಿದ್ದ. ನಾಲ್ಕು ಜನ ಇಳಿದು ಬಂದ್ರು, ಇಬ್ರು ಕೈ ಹಿಡ್ಕೊಂಡ್ರು ಇಬ್ರು ಕಾಲು, ಅವನು ಕಣ್ಣು ಬಿಟ್ಟು "ಅಕ್ಕಾ, ಯಾರಿವ್ರು, ಅಕ್ಕಾ" ಅಂತ ನನ್ನೇ ಕೂಗ್ತಿದ್ದ, ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ ಯಾಕಂದ್ರೆ ಫೋನ್ ಮಾಡಿ ಅವರನ್ನ ಕರೆಸಿದ್ದೇ ನಾನು. ಅವನ ಕಾಲಿಗೆ ಸುತ್ಕೊಂಡಿದ್ದ ಕಂಬಳಿ ಗೇಟ್ ತನಕ ಎಳ್ಕೊಂಡು ಹೋಗಿ ಅಲ್ಲೇ ಬಿದ್ದಿತ್ತು. ಅಮ್ಮ ಅದನ್ನ ಎತ್ಕೊಂಡು ಬಂದು, ಕೊಡವಿ, ಮಡಚಿ, ಬೀರು ಮೇಲೆ ಇಟ್ರು. ಆ ದಿನ ಮನೇಲಿ ಯಾರೂ ಒಲೆ ಹಚ್ಚಲಿಲ್ಲ.

ಅವನು ನೋವಿನ ಮಾತ್ರೆ ಪುಡಿ ಮಾಡಿ ನೀರಲ್ಲಿ ಕರಗಿಸಿ ಇಂಜೆಕ್ಷನ್ ತಗೋತಿದ್ದ, ಟ್ಯಾಪೆಂಟಡಾಲ್ ಅಂತ. ಬೆಂಗಳೂರಲ್ಲಿ ಡೆಲಿವರಿ ಕೆಲ್ಸಕ್ಕೆ ಹೋದಾಗ ಶುರುವಾಗಿದ್ದು. ನಾವು ಹಾಸನ ಕಡೆಯವರು, ಊರಲ್ಲಿ ಕುಡಿತ ಗೊತ್ತು, ಸೊಪ್ಪು ಅಂದ್ರೆ ಗಾಂಜಾ ಗೊತ್ತು, ಇದು ಗೊತ್ತಿರ್ಲಿಲ್ಲ. ಓಮ್ನಿಲಿ ಬಂದವರು ಪ್ರೈವೇಟ್ ಡೀಅಡಿಕ್ಷನ್ ಸೆಂಟರ್‌ನವರು, ಮೂರು ತಿಂಗಳು ಅಲ್ಲೇ ಇದ್ದ, ತಿಂಗಳಿಗೆ 18,000 ಕಟ್ಟಿದ್ವಿ, ನೋಡೋಕೂ ಬಿಡ್ಲಿಲ್ಲ ಫೋನೂ ಕೊಡ್ಲಿಲ್ಲ. ಬಂದು ಒಂಬತ್ತನೇ ದಿನಕ್ಕೆ ಬಚ್ಚಲುಮನೇಲಿ ತುಟಿ ನೀಲಿಯಾಗಿ ಬಿದ್ದಿದ್ದ. ಆಟೋದಲ್ಲಿ ಹಾಕ್ಕೊಂಡು ಹೋಗಿ ಉಳಿಸ್ಕೊಂಡ್ವಿ, ಅಷ್ಟೇ. ಅದಾಗಿ ಒಂದು ವರ್ಷಕ್ಕೆ ಇನ್ನೊಂದು ಸಲ ಟ್ರೀಟ್‌ಮೆಂಟ್‌ಗೆ ಸೇರಿದ, ಆ ಸಲ ಬೇರೆ ಥರ. ಈ ಎರಡರ ಮಧ್ಯೆ ನಾನು ಕಲ್ತಿದ್ದನ್ನ, ಡಾಕ್ಟರ್‌ಗಳ ಹತ್ರ ಕೇಳಿದ್ದನ್ನ, ಓದಿದ್ದನ್ನ ಎಲ್ಲಾ ಸೇರಿಸಿ ಬರೀತಿದ್ದೀನಿ, ನಮ್ಮ ಥರ ರಾತ್ರಿ ಎರಡು ಗಂಟೆಗೆ ಫೋನ್‌ನಲ್ಲಿ "ಡೀಅಡಿಕ್ಷನ್ ಸೆಂಟರ್ ಹತ್ತಿರ" ಅಂತ ಹುಡುಕ್ತಿರೋರಿಗೆ.

ಮೊದ್ಲು ಒಂದು ಮಾತು ಹೇಳ್ಬಿಡ್ತೀನಿ. "ಅವನಿಗೇ ಬಿಡ್ಬೇಕು ಅಂತ ಮನಸ್ಸು ಬರ್ಬೇಕು, ಅಲ್ಲಿ ತನಕ ಏನೂ ಮಾಡೋಕಾಗಲ್ಲ" ಅಂತ ಎಲ್ರೂ ಹೇಳ್ತಾರೆ, ನೆಂಟರು ಹೇಳ್ತಾರೆ, ಕೆಲವು ಡಾಕ್ಟರೂ ಹೇಳ್ತಾರೆ. ಇದು ಪೂರ್ತಿ ನಿಜ ಅಲ್ಲ. ಹೆಂಡ್ತಿ ಬಿಟ್ಟು ಹೋಗ್ತೀನಿ ಅಂದಿದ್ದಕ್ಕೆ, ಕೆಲ್ಸ ಹೋಗತ್ತೆ ಅಂತ, ಕೋರ್ಟ್ ಹೇಳ್ತು ಅಂತ ಬಂದೋರೂ ಚೆನ್ನಾಗಾಗ್ತಾರೆ. ಬೇರೆ ದೇಶಗಳಲ್ಲಿ ಕೋರ್ಟ್ ಕಡೆಯಿಂದ ಟ್ರೀಟ್‌ಮೆಂಟ್‌ಗೆ ಬಂದೋರನ್ನೂ ತಾವಾಗೇ ಬಂದೋರನ್ನೂ ಹೋಲಿಸಿ ನೋಡಿರೋ ಸ್ಟಡಿಗಳಲ್ಲಿ ಫಲಿತಾಂಶ ಒಂದೇ ಥರ ಇಲ್ಲ, ಆದ್ರೆ ಎಷ್ಟೋ ಕಡೆ ಕೋರ್ಟ್ ಕಡೆಯಿಂದ ಬಂದೋರು ತಾವಾಗೇ ಬಂದೋರಿಗಿಂತ ಕಡಿಮೆ ಏನಿಲ್ಲ, ಕೆಲವು ಸಲ ಅವ್ರೇ ಜಾಸ್ತಿ ದಿನ ಉಳ್ಕೊಂಡಿದ್ದಾರೆ. ಹಾಗಂತ ಒತ್ತಾಯ ಅಂದ್ರೆ ಎಲ್ಲಾ ಒಂದೇ ಅಲ್ಲ. "ಟ್ರೀಟ್‌ಮೆಂಟ್ ತಗೋ, ಇಲ್ದಿದ್ರೆ ನಿನ್ನ ಕೈಗೆ ದುಡ್ಡು ಕೊಡಲ್ಲ" ಅಂತ ಮುಖ ನೋಡಿ ಹೇಳೋದು ಬೇರೆ, ಮಲಗಿದ್ದವನನ್ನ ಹೊತ್ಕೊಂಡು ಹೋಗೋದು ಬೇರೆ. ಮೊದಲನೇದ್ರಲ್ಲಿ ಅವನಿಗೆ ಕಷ್ಟದ್ದಾದ್ರೂ ಒಂದು ಆಯ್ಕೆ ಇರತ್ತೆ, ಎರಡನೇದ್ರಲ್ಲಿ ಅವನಿಗೆ ಕಲ್ಸೋದು ಒಂದೇ, ಮನೆಯವರ ಮುಂದೆ ನಿದ್ದೆ ಮಾಡ್ಬಾರ್ದು ಅಂತ. ನನ್ನ ತಮ್ಮ ಅಲ್ಲಿಂದ ಬಂದ ಮೇಲೆ ಆರು ತಿಂಗಳು ರೂಮ್ ಚಿಲಕ ಹಾಕ್ಕೊಂಡೇ ಮಲಗ್ತಿದ್ದ.

ಈಗ ಏನು ಮಾಡ್ಬೇಕು ಅಂತ ಬರ್ತೀನಿ.

ಏನು ತಗೋತಿದ್ದಾನೆ ಅಂತ ಸರಿಯಾಗಿ ತಿಳ್ಕೊಳ್ಳಿ, ಯಾಕಂದ್ರೆ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅನ್ನೋದು ಅದ್ರ ಮೇಲೆ ಹೋಗತ್ತೆ. ದಿನಾ ಬೆಳಗ್ಗೆಯಿಂದ ಕುಡಿಯೋರನ್ನ ಮನೇಲಿ ಕೂಡಿಹಾಕಿ ಒಮ್ಮೆಗೇ ನಿಲ್ಸೋಕೆ ಹೋಗ್ಬೇಡಿ, ಇದು ನಿಜವಾಗ್ಲೂ ಪ್ರಾಣಕ್ಕೆ ಅಪಾಯ. ಕುಡಿತ ನಿಂತ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರ್ಬೋದು, ಎರಡು ಮೂರನೇ ದಿನ ಕೈಕಾಲು ನಡುಗಿ, ಬೆವರಿ, ಇಲ್ಲದ್ದು ಕಾಣ್ಸಿ, ಯಾರು ಎಲ್ಲಿ ಅಂತ ಗೊತ್ತಾಗದ ಹಾಗೆ ಆಗ್ಬೋದು, ಅದಕ್ಕೆ ಆಸ್ಪತ್ರೆಲಿ ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್ ಎಲ್ಲಾ ಕೊಟ್ಟು ನಿಧಾನಕ್ಕೆ ಇಳಿಸ್ತಾರೆ. ನಿದ್ದೆ ಮಾತ್ರೆ ಚಟಕ್ಕೂ ಇದೇ ಮಾತು, ಒಮ್ಮೆಗೇ ನಿಲ್ಲಿಸ್ಬಾರ್ದು. ಹೆರಾಯಿನ್, ನೋವಿನ ಮಾತ್ರೆ ಈ ಥರದ್ದಾದ್ರೆ ನಿಲ್ಸಿದಾಗ ಮೈಕೈ ಮುರಿಯೋ ನೋವು, ಭೇದಿ, ಕಣ್ಣು ಮೂಗಲ್ಲಿ ನೀರು, ನಾಲ್ಕೈದು ದಿನ ನಿದ್ದೆ ಇಲ್ಲ, ಸಾಮಾನ್ಯವಾಗಿ ಅದ್ರಿಂದ ಸಾಯಲ್ಲ ಆದ್ರೆ ತಡ್ಕೊಳ್ಳೋಕಾಗದೆ ಮತ್ತೆ ಓಡ್ತಾರೆ. ಗಾಂಜಾ ಆದ್ರೆ ಬಹಳ ಜನಕ್ಕೆ ಅಡ್ಮಿಟ್ ಆಗೋದೇ ಬೇಡ, ಓಪಿಡಿಗೆ ಹೋಗಿ ಬಂದು ಮಾಡಿದ್ರೆ ಸಾಕಾಗತ್ತೆ, ಆದ್ರೆ ಯಾರೋ ಹಿಂದೆ ಬಿದ್ದಿದ್ದಾರೆ, ಟಿವಿಲಿ ನನ್ನ ಬಗ್ಗೆ ಮಾತಾಡ್ತಿದ್ದಾರೆ ಅಂತೆಲ್ಲಾ ಹೇಳ್ತಿದ್ರೆ ಕಾಯ್ಬೇಡಿ, ಸೀದಾ ಮಾನಸಿಕ ತಜ್ಞರ ಹತ್ರ ಹೋಗಿ.

ಇನ್ನೊಂದು, ನಮ್ಮ ಕಡೆ ಬಹಳ ನಡಿಯೋದು. "ಗೊತ್ತಾಗದ ಹಾಗೆ ಸಾರಲ್ಲಿ ಹಾಕಿ ಕೊಡಿ, ಕುಡಿತ ಬಿಟ್ಟುಬಿಡ್ತಾರೆ" ಅಂತ ಪುಡಿ, ಮಾತ್ರೆ ಮಾರ್ತಾರೆ. ಅದ್ರಲ್ಲಿ ಏನಿದೆ ಅಂತ ನಿಮಗೂ ಗೊತ್ತಿರಲ್ಲ. ಡೈಸಲ್ಫಿರಾಮ್ ಅನ್ನೋ ಮಾತ್ರೆ ಇದೆ, ಡಾಕ್ಟರ್ ಹೇಳಿ, ರೋಗಿಗೆ ಗೊತ್ತಿದ್ದು ಒಪ್ಪಿ ತಗೊಂಡ್ರೆ ಒಳ್ಳೇದೇ, ಆದ್ರೆ ಅದು ಹೊಟ್ಟೇಲಿದ್ದಾಗ ಕುಡಿದ್ರೆ ಮುಖ ಕೆಂಪಾಗಿ ವಾಂತಿ ಬಂದು ಬಿಪಿ ಬಿದ್ದು ಹೃದಯಕ್ಕೇ ತೊಂದ್ರೆ ಆಗ್ಬೋದು. ಗೊತ್ತಿಲ್ಲದವನಿಗೆ ಅದನ್ನ ತಿನ್ನಿಸೋದು ಅಂದ್ರೆ ಕುಡಿಯೋಕೆ ಹೋಗೋವಾಗ ಅವನ ಜೀವವನ್ನೇ ಪಣಕ್ಕಿಟ್ಟ ಹಾಗೆ. ದಯವಿಟ್ಟು ಮಾಡ್ಬೇಡಿ.

ಮಾತಾಡೋದು ಯಾವಾಗ, ಹೇಗೆ

ನಾವು ಮಾಡಿದ ತಪ್ಪು ಅಂದ್ರೆ ಅವನು ಏರಿಸ್ಕೊಂಡು ಬಂದಾಗ್ಲೇ ಜಗಳ ತೆಗೀತಿದ್ವಿ. ಆಗ ಹೇಳಿದ್ದು ಯಾವುದೂ ಒಳಗೆ ಹೋಗಲ್ಲ, ಬೆಳಗ್ಗೆ ಎದ್ರೆ ನೆನಪೂ ಇರಲ್ಲ. ಬೆಳಗ್ಗೆ ಕಾಫಿ ಹೊತ್ತಲ್ಲಿ, ಮೈಮೇಲೆ ಎಚ್ಚರ ಇದ್ದಾಗ, ಒಬ್ರೇ ಮಾತಾಡಿ. ಹತ್ತು ಜನ ನೆಂಟರನ್ನ ಕೂರಿಸಿ ಪಂಚಾಯ್ತಿ ಮಾಡ್ಬೇಡಿ. ನಮ್ಮ ದೊಡ್ಡಪ್ಪ ಮಾಡ್ಸಿದ್ರು, ಅವತ್ತು ಎದ್ದು ಹೋದವನು ಮೂರು ದಿನ ಮನೆಗೆ ಬರ್ಲಿಲ್ಲ.

ಇದಕ್ಕೆ ಲೆಕ್ಕಾನೂ ಇದೆ. ಅಮೆರಿಕದ ನ್ಯೂಮೆಕ್ಸಿಕೋದಲ್ಲಿ ರಾಬರ್ಟ್ ಮೇಯರ್ಸ್ ಅನ್ನೋರು ಮನೆಯವರಿಗೇ ತರಬೇತಿ ಕೊಡೋ ಒಂದು ವಿಧಾನ ಮಾಡಿದ್ರು, ಕ್ರಾಫ್ಟ್ ಅಂತಾರೆ. 1999ರಲ್ಲಿ ಬಂದ ಸ್ಟಡಿಲಿ ಟ್ರೀಟ್‌ಮೆಂಟ್ ಬೇಡ ಅಂತಿದ್ದ ಕುಡುಕರ ಮನೆಯವರನ್ನ ಮೂರು ಗುಂಪು ಮಾಡಿ ನೋಡಿದ್ರು. ಎಲ್ರೂ ಸೇರಿ ಎದುರು ಕೂರಿಸಿ ಹೇಳೋ ದಾರಿ ಕಲ್ತ ಮನೆಗಳಲ್ಲಿ ನೂರಕ್ಕೆ 30 ಜನ ಟ್ರೀಟ್‌ಮೆಂಟ್‌ಗೆ ಬಂದ್ರು, ಮನೆಯವರು ಸುಮ್ನೆ ತಮ್ಮ ಮನಸ್ಸು ಗಟ್ಟಿ ಮಾಡ್ಕೊಳ್ಳೋ ಗುಂಪಲ್ಲಿ 13, ಕ್ರಾಫ್ಟ್‌ನಲ್ಲಿ 64. ಅದ್ರಲ್ಲಿ ಹೇಳ್ಕೊಡೋದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ವಿಷ್ಯಾನೇ ಅನ್ಸತ್ತೆ ನಂಗೆ: ಅವನು ಸರಿಯಾಗಿದ್ದ ದಿನ ಜೊತೆಗೆ ಕೂತು ಊಟ ಮಾಡಿ, ನಗ್ತಾ ಮಾತಾಡಿ, ಅವನಿಗಿಷ್ಟ ಅಂತ ಮಾಡಿದ ಅಕ್ಕಿರೊಟ್ಟಿ ಆ ದಿನ ಹಾಕಿ. ತಗೊಂಡು ಬಂದ ದಿನ ಬೈಬೇಡಿ, ಮಾತೂ ಬೇಡ, "ನಾಳೆ ಮಾತಾಡೋಣ" ಅಂತ ಎದ್ದು ಹೋಗಿ. ಅವನು ಮಾಡಿದ ಸಾಲ ನೀವು ತೀರಿಸ್ಬೇಡಿ, ಕೆಲ್ಸಕ್ಕೆ ಹೋಗದ ದಿನ "ಜ್ವರ" ಅಂತ ಮಾಲೀಕರಿಗೆ ನೀವು ಫೋನ್ ಮಾಡ್ಬೇಡಿ, ಅದ್ರ ಬಿಸಿ ಅವನಿಗೇ ತಟ್ಟಲಿ. ಆಮೇಲೆ ಅವನೇ "ಸಾಕಾಗಿದೆ" ಅನ್ನೋ ಗಳಿಗೆ ಬರತ್ತೆ, ಆ ಗಳಿಗೆಗೆ ನೀವು ರೆಡಿ ಇರ್ಬೇಕು. ಹೊಡೆಯೋದು ಬಡಿಯೋದು ಇರೋ ಮನೆ ಆದ್ರೆ ಮಾತ್ರ ಮೊದ್ಲು ನಿಮ್ಮ ಮತ್ತೆ ಮಕ್ಕಳ ಸುರಕ್ಷತೆ ನೋಡ್ಕೊಳ್ಳಿ, ಈ ವಿಧಾನ ಎಲ್ಲಾ ಆಮೇಲೆ.

ರೆಡಿ ಅಂದ್ರೆ ಏನು? ಯಾವ ಆಸ್ಪತ್ರೆ, ಯಾವ ದಿನ ಓಪಿಡಿ, ಎಷ್ಟು ಗಂಟೆಗೆ ಚೀಟಿ ಮಾಡಿಸ್ಬೇಕು, ಯಾವ ಬಸ್ಸು, ಜೊತೆಗೆ ಯಾರು ಬರ್ತಾರೆ, ಇಷ್ಟೂ ನಿಮ್ಮ ಹತ್ರ ಬರ್ದಿಟ್ಟಿರ್ಬೇಕು. ಆ "ಸಾಕಾಗಿದೆ" ಅನ್ನೋದು ಹೆಚ್ಚು ಹೊತ್ತು ಇರಲ್ಲ, ಒಂದು ದಿನ, ಕೆಲವು ಸಲ ಅರ್ಧ ದಿನ. "ಸರಿ ಮುಂದಿನ ವಾರ ವಿಚಾರಿಸ್ತೀನಿ" ಅಂದ್ರೆ ಮುಂದಿನ ವಾರ ಆ ಮನಸ್ಸು ಇರಲ್ಲ.

ನಮ್ಮ ಎರಡನೇ ಸಲ

ಅವನ ಎಡಗೈ ಮೊಣಕೈ ಒಳಭಾಗದಲ್ಲಿ ಸೂಜಿ ಚುಚ್ಚಿ ಚುಚ್ಚಿ ಕೀವು ತುಂಬಿ ಊದಿತ್ತು, ನಿಂಬೆಹಣ್ಣಿಗಿಂತ ದೊಡ್ಡದಾಗಿ, ಕೆಂಪಗೆ ಬಿಸಿ, ಉದ್ದ ತೋಳಿನ ಶರ್ಟ್ ಹಾಕ್ಕೊಂಡು ಮುಚ್ಚಿಡ್ತಿದ್ದ. ಜ್ವರ ಬಂದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದ್ವಿ, ಕೊಯ್ದು ಕೀವು ತೆಗೆದ್ರು. ಡ್ರೆಸ್ಸಿಂಗ್ ಮಾಡ್ತಿದ್ದ ಸಿಸ್ಟರ್ ಅವನ ಕೈ ನೋಡಿ ಬೈಲಿಲ್ಲ. "ಎಷ್ಟು ವರ್ಷ ಆಯ್ತಪ್ಪ ಶುರುವಾಗಿ?" ಅಂದ್ರು, ಸಕ್ಕರೆ ಕಾಯಿಲೆಯವ್ರನ್ನ ಕೇಳೋ ಥರಾನೇ. ಅವನು "ಮೂರು" ಅಂದ. "ಬೆಳಗ್ಗೆ ಎದ್ದ ತಕ್ಷಣ ಬೇಕಾಗತ್ತಾ?" "ಹೂಂ." "ಅದಕ್ಕೂ ಮಾತ್ರೆ ಇದೆ, ಮೇಲ್ಗಡೆ ಮಾನಸಿಕ ವಿಭಾಗದ ಡಾಕ್ಟರ್ ಇದ್ದಾರೆ, ಡ್ರೆಸ್ಸಿಂಗ್ ಆದ ಮೇಲೆ ನಾನೇ ಕರ್ಕೊಂಡು ಹೋಗ್ತೀನಿ ಬಾ." ಅಷ್ಟೇ ಮಾತು. ಮೂರು ವರ್ಷದಲ್ಲಿ ನಾವು ಯಾರೂ ಅವನನ್ನ "ಬೆಳಗ್ಗೆ ಬೇಕಾಗತ್ತಾ" ಅಂತ ಕೇಳಿರ್ಲಿಲ್ಲ, "ಯಾಕೆ ತಗೋತೀಯ" ಅಂತಾನೇ ಕೇಳ್ತಿದ್ವಿ. ಅವನು ಮೆಟ್ಟಿಲು ಹತ್ತಿ ಹೋದ, ತಾನಾಗೇ, ಬ್ಯಾಂಡೇಜ್ ಕೈ ಎದೆಗೆ ಒತ್ಕೊಂಡು.

ಅಲ್ಲಿ ಬುಪ್ರೆನಾರ್ಫಿನ್ ಶುರು ಮಾಡಿದ್ರು, ನಾಲಿಗೆ ಕೆಳಗೆ ಇಟ್ಕೊಳ್ಳೋ ಮಾತ್ರೆ. ಮೈಕೈ ನೋವು, ಒದ್ದಾಟ, ಆ ಹಪಾಹಪಿ ಇಳಿಯತ್ತೆ, ಆದ್ರೆ ನಶೆ ಏರಲ್ಲ, ಮನುಷ್ಯ ಎದ್ದು ಕೆಲ್ಸಕ್ಕೆ ಹೋಗ್ಬೋದು. "ಒಂದು ಚಟ ಬಿಡಿಸಿ ಇನ್ನೊಂದು ಚಟ ಹಚ್ಚಿದ ಹಾಗಾಯ್ತಲ್ಲ" ಅಂತ ನಾನೂ ಕೇಳಿದ್ದೆ. ಡಾಕ್ಟರ್ ಹೇಳಿದ್ದು, ಬಿಪಿ ಇರೋರು ದಿನಾ ಮಾತ್ರೆ ತಗೊಂಡ್ರೆ ಅದನ್ನ ಚಟ ಅಂತೀರಾ ಅಂತ. ಈ ಥರ ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಆಗ್ಲೇ ಶುರು ಮಾಡೋದು ಎಷ್ಟು ಕೆಲ್ಸ ಮಾಡತ್ತೆ ಅನ್ನೋದಕ್ಕೆ 2015ರಲ್ಲಿ ಅಮೆರಿಕದ ಒಂದು ಸ್ಟಡಿ ಇದೆ: ಎಮರ್ಜೆನ್ಸಿ ವಾರ್ಡ್‌ನಲ್ಲೇ ಬುಪ್ರೆನಾರ್ಫಿನ್ ಕೊಟ್ಟು ಕಳಿಸಿದವರಲ್ಲಿ ನೂರಕ್ಕೆ 78 ಜನ ಒಂದು ತಿಂಗಳಾದ ಮೇಲೂ ಟ್ರೀಟ್‌ಮೆಂಟ್‌ನಲ್ಲಿದ್ರು, ಬರೀ ಅಡ್ರೆಸ್ ಬರ್ದು ಕೊಟ್ಟು ಕಳಿಸಿದವರಲ್ಲಿ 37 ಜನ. ಹಾಗಾಗಿ ನಿಮ್ಮನೆಯವರು ಬೈಕಿಂದ ಬಿದ್ದು, ಜಾಂಡೀಸ್ ಆಗಿ, ಫಿಟ್ಸ್ ಬಂದು ಯಾವುದಕ್ಕೇ ಅಡ್ಮಿಟ್ ಆಗ್ಲಿ, ಡಿಸ್ಚಾರ್ಜ್ ಆಗೋ ಮುಂಚೆ "ಇಲ್ಲೇ ಮಾನಸಿಕ ವಿಭಾಗದವರಿಗೆ ತೋರ್ಸಿ" ಅಂತ ಬಾಯಿಬಿಟ್ಟು ಕೇಳಿ. ಮರ್ಯಾದೆ ಹೋಗತ್ತೆ ಅಂತ ಡಾಕ್ಟರ್ ಹತ್ರ ಮುಚ್ಚಿಡ್ಬೇಡಿ.

ಅವನು ಒಪ್ಪದೇ ಇದ್ರೆ, ಕಾನೂನು ಏನು ಹೇಳತ್ತೆ

ಇದನ್ನ ಮೊದ್ಲೇ ಯಾರಾದ್ರೂ ನಂಗೆ ಹೇಳಿದ್ರೆ ಆ ಓಮ್ನಿ ಬರ್ತಾ ಇರ್ಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಲಿ ಕುಡಿತ, ಡ್ರಗ್ಸ್‌ಗೆ ಸಂಬಂಧಪಟ್ಟ ಮಾನಸಿಕ ಸ್ಥಿತಿಗಳೂ ಸೇರತ್ತೆ. ತಾನೇ ಸಹಿ ಹಾಕಿ ಸೇರಿದವನು ತಾನೇ ಕೇಳಿ ಹೊರಗೆ ಬರ್ಬೋದು, ಡಾಕ್ಟರ್‌ಗೆ ಅನುಮಾನ ಇದ್ರೆ ಪರೀಕ್ಷೆ ಮಾಡೋಕೆ 24 ಗಂಟೆ ಇಟ್ಕೋಬೋದು. ಒಪ್ಪದವನನ್ನ ಸೇರಿಸೋಕೆ ಸೆಕ್ಷನ್ 89 ಇದೆ, ಆದ್ರೆ ಬರೀ ಮನೆಯವರ ಸಹಿ ಸಾಲಲ್ಲ. ಒಬ್ರು ಮನೋವೈದ್ಯರು, ಜೊತೆಗೆ ಇನ್ನೊಬ್ರು ಮಾನಸಿಕ ಆರೋಗ್ಯ ತಜ್ಞರೋ ಡಾಕ್ಟರೋ, ಇಬ್ರೂ ಬೇರೆ ಬೇರೆಯಾಗಿ ನೋಡ್ಬೇಕು, ಅವನು ತನಗೋ ಬೇರೆಯವರಿಗೋ ಅಪಾಯ ಮಾಡ್ಕೊಳ್ಳೋ ಸ್ಥಿತಿಲಿದ್ದಾನೆ ಅಥವಾ ತನ್ನನ್ನ ತಾನು ನೋಡ್ಕೊಳ್ಳೋಕಾಗದ ಸ್ಥಿತಿಲಿದ್ದಾನೆ ಅಂತ ಬರೀಬೇಕು, ಹಾಗಿದ್ರೂ 30 ದಿನದ ತನಕ ಮಾತ್ರ, ಮುಂದುವರಿಸ್ಬೇಕಂದ್ರೆ ಮತ್ತೆ ಪರೀಕ್ಷೆ, ಮತ್ತೆ ಬೇರೆ ಸೆಕ್ಷನ್. ಸರಪಳಿ ಹಾಕೋದು ಯಾವ ಲೆಕ್ಕದಲ್ಲೂ ನಿಷೇಧ. ಒಬ್ಬನನ್ನೇ ಕತ್ತಲ ಕೋಣೇಲಿ ಹಾಕೋ ಹಾಗೂ ಇಲ್ಲ. ಫೋನ್ ಮಾಡೋ, ಮನೆಯವರನ್ನ ನೋಡೋ ಹಕ್ಕು ರೋಗಿಗೆ ಇದೆ. "ಮೊದಲ ತಿಂಗಳು ಭೇಟಿ ಇಲ್ಲ, ನಮ್ಮ ರೂಲ್ಸ್" ಅಂತ ಯಾವುದಾದ್ರೂ ಸೆಂಟರ್ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ನಾವು ಆ ಮಾತಿಗೆ ತಲೆ ಆಡ್ಸಿದ್ವಿ. ಆಮೇಲೆ ಗೊತ್ತಾಗಿದ್ದು ಮೂರು ತಿಂಗಳಲ್ಲಿ ಒಬ್ಬ ಡಾಕ್ಟರೂ ಅವನನ್ನ ಕೂರಿಸಿ ಮಾತಾಡಿರ್ಲಿಲ್ಲ, ಹಳೇ ರೋಗಿಗಳೇ ವಾರ್ಡನ್, ಬೆಳಗ್ಗೆ ಪಾತ್ರೆ ತೊಳ್ಸಿ, ಎದುರು ಮಾತಾಡಿದ್ರೆ ಹೊಡೀತಿದ್ರು.

ಪೊಲೀಸ್ ಭಯದಿಂದ ಆಸ್ಪತ್ರೆಗೆ ಬರ್ದೇ ಇರೋರು ಬಹಳ ಜನ. ಚಟ ಇದೆ ಅಂತ ಹೇಳಿ ಟ್ರೀಟ್‌ಮೆಂಟ್ ತಗೊಳ್ಳೋದೇ ಅಪರಾಧ ಅಲ್ಲ. ಡ್ರಗ್ಸ್ ಕೇಸ್‌ಗಳಿಗೆ ಇರೋ 1985ರ ಎನ್‌ಡಿಪಿಎಸ್ ಕಾಯ್ದೆ ಸೆಕ್ಷನ್ 64ಎ ಪ್ರಕಾರ, ಸೇವನೆ ಕೇಸೋ ಅಥವಾ ಸಣ್ಣ ಪ್ರಮಾಣದ ಕೇಸೋ ಇರೋ ವ್ಯಸನಿ ತಾನಾಗೇ ಸರ್ಕಾರದ ಅಥವಾ ಸರ್ಕಾರ ಮಾನ್ಯತೆ ಕೊಟ್ಟ ಕಡೆ ಟ್ರೀಟ್‌ಮೆಂಟ್ ಪೂರ್ತಿ ಮಾಡ್ಕೊಂಡ್ರೆ ಆ ಕೇಸಿಂದ ವಿನಾಯಿತಿ ಸಿಗತ್ತೆ, ಮಧ್ಯದಲ್ಲಿ ಬಿಟ್ರೆ ವಿನಾಯಿತಿ ವಾಪಸ್ ತಗೋಬೋದು. ಸಣ್ಣ ಪ್ರಮಾಣ ಅಂದ್ರೆ ಗಾಂಜಾ ಒಂದು ಕೆಜಿ, ಹೆರಾಯಿನ್ 5 ಗ್ರಾಂ, ಎಂಡಿಎಂಎ ಅರ್ಧ ಗ್ರಾಂ. ಕೇಸ್ ಇದ್ರೆ ವಕೀಲರಿಗೆ ಈ ಸೆಕ್ಷನ್ ಹೆಸ್ರು ಹೇಳಿಯೇ ಕೇಳಿ, ಇದನ್ನ ಉಪಯೋಗಿಸ್ಕೊಳ್ಳೋರು ಕಡಿಮೆ ಅಂತ ನಂಗನ್ಸತ್ತೆ.

ಎಲ್ಲಿಗೆ ಹೋಗೋದು

ಏನೂ ತೋಚದಿದ್ರೆ 14416 ಟೆಲಿ ಮಾನಸ್, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಡ್ರಗ್ಸ್, ಕುಡಿತಕ್ಕೇ ಅಂತ ಇರೋ ರಾಷ್ಟ್ರೀಯ ಸಹಾಯವಾಣಿ 14446. ಜಿಲ್ಲಾ ಆಸ್ಪತ್ರೆಲಿ, ಮೆಡಿಕಲ್ ಕಾಲೇಜ್ ಆಸ್ಪತ್ರೆಲಿ ಮನೋವೈದ್ಯಕೀಯ ವಿಭಾಗ ಇರತ್ತೆ, ಮೊದ್ಲು ಅಲ್ಲಿಗೇ ಹೋಗಿ. ತಾಲ್ಲೂಕು ಆಸ್ಪತ್ರೆಗಳಿಗೆ ತಜ್ಞರು ಬರೋ ಮನೋಚೈತನ್ಯ ಕ್ಲಿನಿಕ್ ಇದೆ, ಮಂಗಳವಾರ ಅಂತ ಶುರುವಾಗಿದ್ದು, ನಿಮ್ಮ ಕಡೆ ಯಾವ ದಿನ ಅಂತ ಆಸ್ಪತ್ರೆಲೇ ಕೇಳ್ಕೊಳ್ಳಿ. ದೊಡ್ಡ ಜಾಗ ಅಂದ್ರೆ ಬೆಂಗಳೂರು ಹೊಸೂರು ರಸ್ತೆಯ ನಿಮ್ಹಾನ್ಸ್, ಅಲ್ಲಿ ವ್ಯಸನಕ್ಕೇ ಬೇರೆ ಕೇಂದ್ರ ಇದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಬಿಪಿಎಲ್ ಕಾರ್ಡ್, ಆಧಾರ್ ಮರೀಬೇಡಿ. ಕೇಂದ್ರ ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡ್ಸೋ, ಚಟ ಬಿಡಿಸೋ ಐಆರ್‌ಸಿಎ ಕೇಂದ್ರಗಳೂ ಇವೆ, ಅಲ್ಲಿ ಉಚಿತ.

ಹಳ್ಳಿ ಕಡೆ ಕುಡಿತದ ಸಮಸ್ಯೆಗೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಗೊತ್ತಿರ್ಬೋದು, ಜನಜಾಗೃತಿ ವೇದಿಕೆ ಮೂಲಕ ಊರಲ್ಲೇ ಕಲ್ಯಾಣ ಮಂಟಪದಂಥ ಕಡೆ ಎಂಟು ದಿನ ಮಾಡ್ತಾರೆ. ನಮ್ಮ ಸೋದರಮಾವ ಹಾಗೇ ಬಿಟ್ರು. ಅದ್ರಲ್ಲಿ ನಂಗೆ ಬಹಳ ಹಿಡಿಸಿದ್ದು ಶಿಬಿರ ಅಲ್ಲ, ಆಮೇಲಿನ ನವಜೀವನ ಸಮಿತಿ: ಬಿಟ್ಟವರೆಲ್ಲಾ ಸೇರಿ ಒಬ್ಬರನ್ನೊಬ್ಬರು ನೋಡ್ಕೊಳ್ಳೋದು. ಹಬ್ಬಕ್ಕೆ ಊರಿಗೆಲ್ಲಾ ಬಾಟ್ಲಿ ಹರಿದಾಡೋವಾಗ ಮಾವನ ಮನೆಗೆ ಆ ಸಮಿತಿಯ ಇಬ್ರು ಬಂದು ರಾತ್ರಿ ಹತ್ತರ ತನಕ ಇಸ್ಪೀಟು ಆಡ್ಕೊಂಡು ಕೂತಿದ್ದು ನಾನೇ ನೋಡಿದ್ದೀನಿ. ಆದ್ರೆ ಫಿಟ್ಸ್ ಬಂದಿದ್ದವರು, ಲಿವರ್ ಹೋದವರು, ಸೂಜಿ ಚುಚ್ಕೊಳ್ಳೋರು ಶಿಬಿರಕ್ಕೆ ಮುಂಚೆ ಡಾಕ್ಟರ್‌ಗೆ ತೋರಿಸ್ಲೇಬೇಕು.

ಪ್ರೈವೇಟ್ ಸೆಂಟರ್‌ಗೇ ಹಾಕ್ತೀರ ಅಂದ್ರೆ ಮೊದ್ಲು ಒಬ್ರೇ ಹೋಗಿ ನೋಡ್ಕೊಂಡು ಬನ್ನಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಇದ್ಯಾ ಕೇಳಿ, ಸರ್ಟಿಫಿಕೇಟ್ ಗೋಡೆ ಮೇಲಿರ್ಬೇಕು, ಕರ್ನಾಟಕದಲ್ಲಿ ಇದಕ್ಕೆ ಇ-ಮಾನಸ್ ಅಂತ ಆನ್‌ಲೈನ್ ವ್ಯವಸ್ಥೆ ಇದೆ. ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರ್ತಾರೆ, ರಾತ್ರಿ ನರ್ಸ್ ಇರ್ತಾರಾ, ಡಿಸ್ಚಾರ್ಜ್ ಆದ ಮೇಲೆ ಏನು ಅಂತ ಕೇಳಿ. ಕೊನೇ ಪ್ರಶ್ನೆಗೆ ತಡಬಡಾಯಿಸಿದ್ರೆ ಬೇಡ. "ನಮ್ಮಲ್ಲಿ ನೂರಕ್ಕೆ ನೂರು ಗ್ಯಾರಂಟಿ" ಅಂದ್ರೂ ಬೇಡ. "ನಾವೇ ಬಂದು ಎತ್ಕೊಂಡು ಹೋಗ್ತೀವಿ, ಪಿಕಪ್ ಚಾರ್ಜ್ ಬೇರೆ" ಅಂದ್ರೆ ಖಂಡಿತ ಬೇಡ.

ಹೋಗೋ ದಿನ ಸುಳ್ಳು ಹೇಳ್ಬೇಡಿ. "ಬಾ ದೇವಸ್ಥಾನಕ್ಕೆ ಹೋಗ್ಬರೋಣ" ಅಂತ ಕಾರ್ ಹತ್ತಿಸಿ ಆಸ್ಪತ್ರೆ ಮುಂದೆ ಇಳಿಸೋದು ಬೇಡ. "ಇವತ್ತು ಡಾಕ್ಟರ್‌ನ ನೋಡಿ ಬರೋಣ, ಅಡ್ಮಿಟ್ ಆಗೋದು ಬಿಡೋದು ಅವರ ಜೊತೆ ಮಾತಾಡಿ ನೀನೇ ಹೇಳು" ಅನ್ನಿ, ಇಷ್ಟಕ್ಕೆ ಒಪ್ಪೋರು ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ. ಎಷ್ಟು ತಗೋತಾನೆ, ಕೊನೇ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ, ಬೇರೆ ಏನು ಮಾತ್ರೆ ನಡೀತಿದೆ ಅಂತ ಒಂದು ಚೀಟೀಲಿ ಬರ್ಕೊಂಡು ಹೋಗಿ, ಖಾಲಿ ಮಾತ್ರೆ ಸ್ಟ್ರಿಪ್ ಸಿಕ್ಕಿದ್ರೆ ಅದನ್ನೂ. ಅಡ್ಮಿಟ್ ಆದ್ರೆ ಮನೆಯವರೊಬ್ರು ಜೊತೆಗೆ ಇರ್ಬೇಕು ಅಂತ ಬಹಳ ಕಡೆ ಹೇಳ್ತಾರೆ, ರಜೆ ಹಾಕೋಕೆ ಯಾರಿಗಾಗತ್ತೆ ಅಂತ ಮೊದ್ಲೇ ಮಾತಾಡ್ಕೊಳ್ಳಿ. ಅವನ ಸ್ವಂತ ತಲೆದಿಂಬು, ಚಾರ್ಜರ್, ಇಷ್ಟವಾದ ಬಿಸ್ಕೆಟ್ ಇಂಥವನ್ನ ಬ್ಯಾಗ್‌ಗೆ ಹಾಕಿ.

ಡಿಸ್ಚಾರ್ಜ್ ಆದ ದಿನಾನೇ ಶುರು

ನಾನು ಇಷ್ಟು ಬರ್ದಿದ್ದು ಮುಖ್ಯವಾಗಿ ಈ ಭಾಗಕ್ಕೇ. ಹೇಗೆ ಸೇರಿಸಿದ್ವಿ ಅನ್ನೋದು ಚೇತರಿಕೆಗೆ ಲೆಕ್ಕಕ್ಕೆ ಬರೋದು ಇಲ್ಲೇ, ಯಾಕಂದ್ರೆ ಎತ್ಹಾಕ್ಕೊಂಡು ಹೋದವನು ಹೊರಗೆ ಬಂದ ಮೇಲೆ ಆ ಜಾಗಕ್ಕೆ ಮತ್ತೆ ಕಾಲಿಡಲ್ಲ, ತಾನಾಗೇ ಮೆಟ್ಟಿಲು ಹತ್ತಿದವನು ಮತ್ತೆ ಹತ್ತಬಲ್ಲ. ಒಳಗಿದ್ದಷ್ಟು ದಿನ ಎಲ್ರೂ ಸರಿ ಇರ್ತಾರೆ, ಸಿಗೋದೇ ಇಲ್ವಲ್ಲ. ಒಂದು ವಾರ, ಹತ್ತು ದಿನ ಅಡ್ಮಿಷನ್ ಅನ್ನೋದು ಮೈಯಿಂದ ವಿಷ ಇಳಿಸೋಕೆ ಮಾತ್ರ. ಒಟ್ಟು ಟ್ರೀಟ್‌ಮೆಂಟ್ ಸಂಪರ್ಕ ಮೂರು ತಿಂಗಳಿಗಿಂತ ಕಡಿಮೆ ಆದ್ರೆ ಹೆಚ್ಚು ಉಪಯೋಗ ಆಗಲ್ಲ ಅಂತ ಡ್ರಗ್ಸ್ ಚಟದ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ರಾಷ್ಟ್ರೀಯ ಸಂಸ್ಥೆ ನೈಡಾನೇ ಹೇಳಿದೆ. ಅದು ಮೂರು ತಿಂಗಳು ಕೂಡಿಹಾಕೋದಲ್ಲ, ಓಪಿಡಿ, ಫೋನು, ಕೌನ್ಸೆಲಿಂಗ್ ಎಲ್ಲಾ ಸೇರಿ.

ನೋವಿನ ಮಾತ್ರೆ, ಹೆರಾಯಿನ್ ಥರದ್ದು ತಗೋತಿದ್ದವರ ಮನೆಯವರು ಇದನ್ನ ಎರಡು ಸಲ ಓದಿ. ಕೆಲವು ವಾರ ಬಿಟ್ಟಿದ್ರೆ ಮೈಗೆ ಹಳೇ ಡೋಸ್ ತಡ್ಕೊಳ್ಳೋ ಶಕ್ತಿ ಹೋಗಿರತ್ತೆ. ಅವನಿಗೆ ನೆನಪಿರೋದು ಮಾತ್ರ ಹಳೇ ಲೆಕ್ಕ. ಅದೇ ಲೆಕ್ಕದಲ್ಲಿ ತಗೊಂಡ್ರೆ ಉಸಿರು ನಿಂತುಹೋಗತ್ತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿಂದ ಬಿಡುಗಡೆ ಆದವರ ಮೇಲೆ 2007ರಲ್ಲಿ ಬಂದ ಸ್ಟಡಿಲಿ, ಹೊರಗೆ ಬಂದ ಮೊದಲ ಎರಡು ವಾರದಲ್ಲಿ ಡ್ರಗ್ ಓವರ್‌ಡೋಸ್‌ನಿಂದ ಸಾಯೋ ಅಪಾಯ ಸಾಮಾನ್ಯ ಜನಕ್ಕಿಂತ 129 ಪಟ್ಟು ಇತ್ತು. ನನ್ನ ತಮ್ಮ ಒಂಬತ್ತನೇ ದಿನ ಬಿದ್ದಿದ್ದು ಇದಕ್ಕೇ, ಮೂರು ತಿಂಗಳು ಔಷಧಿಯೇ ಇಲ್ಲದೆ ಕೂಡಿಹಾಕಿ, ಯಾರೂ ಈ ಮಾತು ಹೇಳದೆ, ಬಸ್‌ಸ್ಟ್ಯಾಂಡಲ್ಲಿ ಬಿಟ್ಟು ಹೋಗಿದ್ರು. ಎಚ್ಚರ ಇಲ್ಲ, ಉಸಿರು ನಿಧಾನ, ತುಟಿ ನೀಲಿ, ಗೊರಕೆ ಥರ ಸದ್ದು ಬಂದ್ರೆ 108ಕ್ಕೆ ಫೋನ್ ಮಾಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಏನು ತಗೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ.

ಹಾಗಾಗಿ ಡಿಸ್ಚಾರ್ಜ್ ಚೀಟಿ ಕೈಗೆ ಬರೋ ಮುಂಚೆ ಮುಂದಿನ ಭೇಟಿ ದಿನಾಂಕ ಬರೆಸ್ಕೊಳ್ಳಿ, ಒಂದು ವಾರದೊಳಗೇ ಇರ್ಲಿ. ಮನೇಲಿಟ್ಕೊಳ್ಳೋ ಮಾತ್ರೆ ಯಾರ ಕೈಲಿರತ್ತೆ ಅಂತ ಅವನ ಮುಂದೇನೇ ಮಾತಾಡಿ ತೀರ್ಮಾನ ಮಾಡಿ. ಹಳೇ ಸಿಮ್ ಬದಲಾಯಿಸೋಣ ಅಂತ ಅವನೇ ಹೇಳಿದ್ರೆ ಸರಿ, ನೀವೇ ಕಿತ್ಕೊಂಡು ಮುರೀಬೇಡಿ. ಜೇಬು ತಡಕೋದು, ಬಾಯಿ ಮೂಸೋದು ನಿಲ್ಸಿ, ನಂಗೆ ಇದು ತುಂಬಾ ಕಷ್ಟ ಆಯ್ತು, ಕೈ ತಾನಾಗೇ ಅವನ ಶರ್ಟ್ ಜೇಬಿಗೆ ಹೋಗ್ತಿತ್ತು. ಮೊದಲ ಸಲದ ಬಗ್ಗೆ ನಾನು ಅವನ ಹತ್ರ ಕ್ಷಮೆ ಕೇಳಿದೆ. ಅವನು ಏನೂ ಹೇಳ್ಲಿಲ್ಲ, ಆದ್ರೆ ಅವತ್ತಿನಿಂದ ರೂಮ್ ಚಿಲಕ ಹಾಕೋದು ಬಿಟ್ಟ.

ಮತ್ತೆ ತಗೊಂಡ್ರೆ? ತಗೋಬೋದು. ಬಿಪಿ, ಅಸ್ತಮಾ ಇರೋರು ಔಷಧಿ ತಪ್ಪಿಸಿ ಮತ್ತೆ ಹದಗೆಡೋ ಪ್ರಮಾಣ ಎಷ್ಟೋ ಇಲ್ಲೂ ಸುಮಾರು ಅಷ್ಟೇ, ನೂರಕ್ಕೆ 40ರಿಂದ 60 ಅಂತಾರೆ. "ಇಷ್ಟು ದುಡ್ಡು ಸುರಿದಿದ್ದೆಲ್ಲಾ ನೀರಲ್ಲಿ ಹೋಯ್ತು" ಅನ್ನೋ ಮಾತು ನಾಲಿಗೆ ತುದಿಗೆ ಬರತ್ತೆ, ನುಂಗ್ಕೊಳ್ಳಿ. ಅದೇ ಡಾಕ್ಟರ್‌ಗೆ ಅದೇ ದಿನ ಫೋನ್ ಮಾಡಿ, ಹೊಸ ಸೆಂಟರ್ ಹುಡುಕ್ಬೇಡಿ.

ಹೋದ ಯುಗಾದಿ ಆದ ಮೂರನೇ ದಿನ ಬೆಳಗ್ಗೆ ಆರೂವರೆಗೆ ಅವನು ನನ್ನ ಮಂಚದ ಹತ್ರ ಬಂದು ನಿಂತಿದ್ದ. "ಅಕ್ಕ, ನಿನ್ನೆ ಸಂಜೆ ಎರಡು ಮಾತ್ರೆ ತಗೊಂಡೆ. ಇವತ್ತು ಓಪಿಡಿ ಇದ್ಯಾ?" ಅಂದ. ಇತ್ತು. ಏಳೂ ನಲವತ್ತರ ಬಸ್ಸಿಗೆ ಹೋದ್ವಿ, ಚೀಟಿ ಕ್ಯೂನಲ್ಲಿ ಅವನೇ ನಿಂತ.